ವಸಂತ ಬಂದ, ತಪಾಸಣೆಯೂ ಬಂತು

ಯುಗಾದಿ ಮುಗಿದು ಎರಡು ದಿನ. ಮೆಡಿಕಲ್ ಕಾಲೇಜಿನ ಗೇಟಿನ ಮಾವಿನ ತೋರಣ ಇನ್ನೂ ಬಾಡಿಲ್ಲ. (ಒಳಗಿನ ಪ್ರಯೋಗಾಲಯ ಬಾಡಿ ಬಹಳ ಕಾಲವಾಯಿತು.)

ಡೀನ್: ಈ ಸಲ 100 ಸೀಟು 150 ಆಗಲೇಬೇಕು.

ಗುಮಾಸ್ತ: 605 ಹಾಸಿಗೆ ಕೇಳ್ತಾರೆ ಸಾರ್.

ಡೀನ್: ಶಾಮಿಯಾನದವನಿಗೆ ಹೇಳು, ತಂದು ಹಾಕ್ತಾನೆ.

ಗುಮಾಸ್ತ: ರೋಗಿಗಳು?

ಡೀನ್: ಉಚಿತ ಶಿಬಿರ, ಹೋಳಿಗೆ ಊಟ. ನರಳಿದವರಿಗೆ ಇನ್ನೊಂದು ಹೋಳಿಗೆ.

ಗುಮಾಸ್ತ: ಪ್ರೊಫೆಸರುಗಳು?

ಡೀನ್: ಕೋಗಿಲೆ ಹಾಗೆ. ವಸಂತಕ್ಕೆ ಬರ್ತಾರೆ, ಮರಿಗಳನ್ನು ಬೇರೆಯವರು ಸಾಕ್ತಾರೆ.

ಗುಮಾಸ್ತ: ಈಗ ಬೆರಳಲ್ಲ ಸಾರ್, ಮುಖ ತೋರಿಸಿ ಹಾಜರಿ ಹಾಕಬೇಕು.

ಡೀನ್: ಅಯ್ಯೋ! ಅನಾಟಮಿಯಲ್ಲಿ ದಿನಾ ಇರೋರು ಯಾರೂ ಇಲ್ಲವಾ?

ಗುಮಾಸ್ತ: ಒಬ್ಬರಿದ್ದಾರೆ, ಗಾಜಿನ ಬೀರುವಿನಲ್ಲಿ. ಒಂದು ದಿನವೂ ರಜೆ ಹಾಕಿಲ್ಲ. ಆದರೆ ಅವರ ಮುಖವನ್ನು ಯಂತ್ರ ಒಪ್ತಾ ಇಲ್ಲ.