ಎರಡು ಸಾವಿರ ಚಿಲ್ಲರೆ

ಹೆಂಡತಿಗೆ ನಾನು ಹೇಳಿದ ಲೆಕ್ಕ ಎರಡು ಸಾವಿರ ಚಿಲ್ಲರೆ. ಆ ಚಿಲ್ಲರೆ ಎಷ್ಟು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. 21,640 ರೂಪಾಯಿಯನ್ನು ಚಿಲ್ಲರೆ ಅನ್ನಬಾರದು ಅಂತ ಯಾವ ವ್ಯಾಕರಣದಲ್ಲೂ ಬರೆದಿಲ್ಲ.

ರೇಡಿಯೋ ಮಾತ್ರ ಪುಕ್ಕಟೆ. ತಿಪಟೂರಿನ ಮನೆ ಅಟ್ಟದಲ್ಲಿ ಕೊಬ್ಬರಿಯ ಮರೆಯಲ್ಲಿ ಕೂತಿದ್ದ ಅಪ್ಪನ ಮರ್ಫಿ. ಅದನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು ಕಮ್ಮನಹಳ್ಳಿಗೆ ಕರೆತಂದೆ. ಹೆಂಡತಿ ಹಿಂದೆ ಕೂತಳು. ತುಮಕೂರು ದಾಟುವ ತನಕ ಮಾತಾಡಲಿಲ್ಲ.

ಮೊದಲು ಸಿಕ್ಕಿದ್ದು ಸಲಹೆಗಳು. ನಮ್ಮ ಮೇನ್ ರೋಡಿನ ಕೆಫೆಗಳಲ್ಲಿ ನೋಡಿರುತ್ತೀರಿ, ಶೆಲ್ಫಿನ ಮೇಲೊಂದು ಹಳೇ ರೇಡಿಯೋ, ಅದರ ತಲೆ ಮೇಲೊಂದು ಕಳ್ಳಿ ಗಿಡ. ಹಿಂದಿನಿಂದ ಇಣುಕಿದರೆ ಕರುಳೇ ಇಲ್ಲ. "ಒಳಗಿಂದೆಲ್ಲ ಕಿತ್ತು ಬ್ಲೂಟೂತ್ ಹಾಕ್ಸಿಬಿಡಿ ಸಾರ್, ಎರಡೇ ಸಾವಿರ" ಅಂದ ಒಬ್ಬ ಪುಣ್ಯಾತ್ಮ. ಅವನ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಅಜ್ಜನನ್ನು ತೋರಿಸಿ ಇವರಿಗೆ ಸೊಂಟ ನೋವು ಅಂದರೆ, ಚರ್ಮ ಚೆನ್ನಾಗಿದೆ, ಹುಲ್ಲು ತುಂಬಿಸಿ ಹಾಲಿನಲ್ಲಿಡಿ ಅಂದ ಹಾಗೆ.

ಕೊನೆಗೆ ರಿಪೇರಿಗೆ ಶಿವಾಜಿನಗರದ ಕಡೆಯ ಒಬ್ಬ ಚಾಚಾ ಸಿಕ್ಕರು. ಕಂಡೆನ್ಸರುಗಳೆಲ್ಲ ಒಣಗಿದ್ದವು, ಹಾಗೇ ಕರೆಂಟು ಕೊಟ್ಟಿದ್ದರೆ ಔಟ್‌ಪುಟ್ ವಾಲ್ವ್ ಟ್ರಾನ್ಸ್‌ಫಾರ್ಮರನ್ನೂ ಕರಕೊಂಡೇ ಹೋಗುತ್ತಿತ್ತಂತೆ. ಇಸಿಎಲ್ 82 ಅನ್ನೋ ಒಂದು ವಾಲ್ವ್‌ಗಾಗಿ ಎಸ್.ಪಿ. ರೋಡಿನಲ್ಲಿ ಮೂರು ಶನಿವಾರ ಅಲೆದೆ. ಸಿಕ್ಕಿದ್ದು ಜಾಲಹಳ್ಳಿ ಬಿಇಎಲ್‌ನಲ್ಲೇ ತಯಾರಾದ ಮಾಲು. ಅಂಗಡಿಯವನು ವಾಲ್ವ್ ನೋಡಿ ರೇಟು ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದ. ಪಾಲಿಶ್, ಆಟೋ, ಬಟ್ಟೆ, ಬೇಕಾಗಿಲ್ಲದಿದ್ದರೂ ಕೊಂಡ ಒಂದು ಮಲ್ಟಿಮೀಟರ್, ಎಲ್ಲ ಚಿಲ್ಲರೆಯಲ್ಲಿ ಸೇರಿತು.

ಚಾಚಾ ಕೆಲಸ ಮಾಡುವಾಗ ಎಡಗೈ ಯಾವಾಗಲೂ ಪೈಜಾಮದ ಜೇಬಿನಲ್ಲಿ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರು 250 ವೋಲ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತದೆ; ಎರಡೂ ಕೈ ಇಟ್ಟರೆ ಕರೆಂಟು ಎದೆ ಹಾಯ್ದು ಹೋಗುತ್ತದೆ. ಇದನ್ನು ಅವರು ಹೇಳುವ ಹೊತ್ತಿಗೆ ನಾನು ಸ್ವಂತ ಅನುಭವದಿಂದ ಕಲಿತಾಗಿತ್ತು.

ಆದರೆ ಡಯಲ್ ದಾರ ಕಟ್ಟೋದಕ್ಕೆ ಕೈ ನಾಲ್ಕು ಬೇಕು. ತಿರುಪು ತಿರುಗಿಸಿದರೆ ಮುಳ್ಳು ಓಡುತ್ತದಲ್ಲ, ಅದನ್ನು ಎಳೆಯೋದು ಒಂದು ದಾರ. ದೊಡ್ಡ ಗಾಲಿಗೆ ಒಂದೂವರೆ ಸುತ್ತು, ಮೂಲೆಯ ಪುಟ್ಟ ಗಾಲಿಗಳ ಮೇಲೆ ಹಾದು, ತಿರುಪಿನ ಕಡ್ಡಿಗೆ ಮೂರು ಸುತ್ತು ಬಂದು, ಕೊನೆಗೆ ಸ್ಪ್ರಿಂಗಿಗೆ ಗಂಟು. ನನ್ನ ಕೆಲಸ ಒಂದೇ: ಗಂಟಿನ ಮೇಲೆ ತೋರುಬೆರಳು. "ಕೈ ತೆಗೀಬೇಡಿ ಸಾಬ್" ಅಂದರು ಚಾಚಾ. ಆಗ ಕುಕ್ಕರ್ ಮೊದಲ ಸಲ ಕೂಗಿತು. ಮೂರು ಕೂಗಿಗೆ ಆರಿಸಿ ಅಂತ ಹೇಳಿ ಹೆಂಡತಿ ತರಕಾರಿಗೆ ಕುಳ್ಳಪ್ಪ ಸರ್ಕಲ್ ಕಡೆ ಹೋಗಿದ್ದಳು. ಎರಡನೇ ಕೂಗಿಗೆ ಬಾಗಿಲ ಗಂಟೆ. "ಸಾರ್, ಪಾರ್ಸೆಲ್! ಓಟಿಪಿ!" ಓಟಿಪಿ ಮೊಬೈಲಿನಲ್ಲಿ, ಮೊಬೈಲು ಬಲಗಡೆ ಹಿಂಜೇಬಿನಲ್ಲಿ, ಬಲಗೈ ಗಂಟಿನ ಮೇಲೆ. ಎಡಗೈಯನ್ನು ಬೆನ್ನ ಹಿಂದಿನಿಂದ ತಿರುಚಿ ಜೇಬಿಗೆ ಹಾಕಿದೆ. ಅರ್ಧ ದಾರಿಯಲ್ಲಿ ಮೊಣಕೈ ಹಿಡಿದುಕೊಂಡಿತು. ಮೂರನೇ ಕೂಗು. ಹುಡುಗ ಕಿಟಕಿಯಿಂದ ಇಣುಕಿದ. ನಟರಾಜನ ಭಂಗಿಯಲ್ಲಿ ನಿಂತ ನನ್ನನ್ನೂ, ಹಲ್ಲಿನಲ್ಲಿ ದಾರ ಕಚ್ಚಿ ಮಂಡಿಯೂರಿದ ಚಾಚಾರನ್ನೂ ನೋಡಿ, "ಪೂಜೆ ಇದ್ರೆ ಆಮೇಲ್ ಬರ್ತೀನಿ" ಅಂದು ಹೊರಟೇಹೋದ. ಅವನ ಕೈಲಿದ್ದದ್ದು ರೇಡಿಯೋದ್ದೇ ಪೈಲಟ್ ಬಲ್ಬು. ಐದನೇ ಕೂಗಿನ ಮೇಲೆ ಬೇಳೆ ಸೀದ ವಾಸನೆ ಶುರುವಾಯಿತು. ಏಳನೆಯದಕ್ಕೆ ಗಂಟು ಬಿತ್ತು.

ದಾರವನ್ನು ಉಲ್ಟಾ ಸುತ್ತಿದ್ದೆವು. ಮುಳ್ಳು ಹಿಂದಕ್ಕೆ ಓಡುತ್ತದೆ. 490 ಮೀಟರಿನಲ್ಲಿ ಸಿಗಬೇಕಾದ ಬೆಂಗಳೂರು ನಿಲಯ 200ರ ಪಕ್ಕ ಸಿಕ್ಕಿತು. ಬಿಚ್ಚಿ ಮತ್ತೆ ಕಟ್ಟೋಣವೇ ಅಂತ ಚಾಚಾ ಕೇಳಿದರು. ಬೇಡ ಅಂದೆ.

ಪೆಟ್ಟಿಗೆಯ ಹಿಂಬದಿಯ ರಟ್ಟು ಮುಚ್ಚುವಾಗ ಒಳಗೆ ಲೈಸೆನ್ಸ್ ಪುಸ್ತಕ ಸಿಕ್ಕಿತು. ಆಗೆಲ್ಲ ರೇಡಿಯೋ ಇಟ್ಟುಕೊಳ್ಳೋದಕ್ಕೆ ವರ್ಷಕ್ಕೆ 15 ರೂಪಾಯಿ ಪೋಸ್ಟಾಫೀಸಿಗೆ ಕಟ್ಟಬೇಕಿತ್ತು. ಸ್ಟಾಂಪು 1979ರ ತನಕ ಇದೆ. ನನಗೆ ನೆನಪಿರೋ ಹಾಗೆ ರೇಡಿಯೋ ಬಾಯಿ ಮುಚ್ಚಿದ್ದು 1976ರಲ್ಲಿ. ಅಮ್ಮನಿಗೆ ಫೋನು ಮಾಡಿದೆ. "ರಿಪೇರಿಗೆ ನಲವತ್ತು ರೂಪಾಯಿ ಕೇಳಿದ್ನಂತೆ, ಜಾಸ್ತಿ ಆಯ್ತು ಅಂದ್ರು ನಿಮ್ಮಪ್ಪ. ಲೈಸೆನ್ಸು ನಿಲ್ಸಿದ್ರೆ ಪೋಸ್ಟಾಫೀಸ್ನೋರಿಗೆಲ್ಲ ಗೊತ್ತಾಗ್ತಿತ್ತಲ್ಲ" ಅಂದಳು. ಮೂರು ಹದಿನೈದಲೆ ನಲವತ್ತೈದು. ಆ ಪುಸ್ತಕ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಚಾಚಾ ಏನೂ ಕೇಳದೆ ತಮ್ಮ ಸ್ಕ್ರೂಡ್ರೈವರುಗಳನ್ನು ಒರೆಸಿ ಎತ್ತಿಟ್ಟುಕೊಂಡರು.

ಹಾಡುತ್ತದೆಯೇ ಅಂದರೆ, ಹಾಡುತ್ತದೆ. ಆದರೆ ಮೀಡಿಯಂ ವೇವ್‌ಗೆ ಈ ಕಾಲದ ಒಂದು ವಸ್ತುವೂ ಆಗಿಬರೋದಿಲ್ಲ. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರು, ವೈಫೈ ಡಬ್ಬಿ, ಯಾವುದು ಹೊತ್ತಿಕೊಂಡರೂ ಒಗ್ಗರಣೆ ಸಿಡಿದಂತೆ ಚಟಪಟ. ಕರೆಂಟು ಹೋದರೆ ಓಣಿಯೆಲ್ಲ ನಿಶ್ಶಬ್ದ, ಕೇಳಲು ಪ್ರಶಸ್ತ ಕಾಲ, ಆದರೆ ಆಗ ರೇಡಿಯೋಗೂ ಕರೆಂಟಿಲ್ಲ. ಹೀಗಾಗಿ ಸಂಜೆ ಮನೆಯ ಸ್ವಿಚ್ಚುಗಳೆಲ್ಲ ಬಂದ್. ಮಗಳು ಗೊಣಗಿದಳು: ಇದೇ ಆಕಾಶವಾಣಿ ಮೊಬೈಲಿನಲ್ಲಿ ಬಿಟ್ಟಿ ಬರುತ್ತದಂತೆ. ಮೈಸೂರಿನ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಇಡೀ ರೇಡಿಯೋ ಸ್ಟೇಷನ್ ಇಟ್ಟಿದ್ದರು, ಅವರ ಮನೆಯವರು ಸಹಿಸಿಕೊಂಡಿರಲಿಲ್ಲವೇ ಅಂದೆ. ಕತ್ತಲಲ್ಲಿ ಯಾರೂ ಉತ್ತರ ಕೊಡಲಿಲ್ಲ.

ನಾಲ್ಕನೇ ಸಂಜೆ ಪಕ್ಕದ ಮನೆಯವರು ಬಾಗಿಲಿಗೆ ಬಂದರು. ದನಿ ತಗ್ಗಿಸಿ, "ಏನ್ ಸಾರ್, ಬೆಸ್ಕಾಂನೋರು ಫ್ಯೂಸ್ ಕಿತ್ಕೊಂಡು ಹೋದ್ರಾ? ಸಂಕೋಚ ಬೇಡ, ದುಡ್ಡು ಎಷ್ಟು ಬೇಕಿತ್ತು ಹೇಳಿ" ಅಂದರು.

ನಾನು ಬಾಯಿ ತೆರೆಯುವ ಮುಂಚೆಯೇ ಒಳಗಿನ ಕತ್ತಲಿಂದ ಹೆಂಡತಿಯ ದನಿ ಬಂತು: "ಇಪ್ಪತ್ಮೂರು ಸಾವಿರದ ಆರ್ನೂರ ನಲವತ್ತು."