ಡ್ಯಾಶ್ ಡಮ್ಮಿ ಮಾಸ್ತರ

ಔರಾದ ತಾಲೂಕಿನ ಎಕಂಬಾದಂಥ ಊರುಗಳಲ್ಲಿ ಮದುವೆ ಶೂಟಿಂಗ್ ಮಾಡುವವರಿಗೆ ಬರವಿಲ್ಲ. ಆದರೆ ಶೂಟಿಂಗ್ ಮುಗಿದ ಮೇಲೆ ಡಿವಿಡಿ ಸುಟ್ಟುಕೊಡುವ ಮಾಸ್ತರನ ಖದರೇ ಬೇರೆ. ಮೌಸ್ ಮುಟ್ಟಿದರೆ ಮಾನ ಹೋದೀತು ಅನ್ನುವವನು. ಕರಿ ಪರದೆಯ ಮೇಲೆ ‘ಸಿಡಿರೆಕಾರ್ಡ್’ ಎಂಬ ಕಮಾಂಡ್ ಟೈಪ್ ಮಾಡಿ, ಹಿಂದೆ ಒಂದೊಂದೇ ಡ್ಯಾಶ್ ಜೋಡಿಸುತ್ತ ಹೋಗುತ್ತಾನೆ. ಡ್ಯಾಶ್ ವಿ ಹಾಕಿದರೆ ಕಂಪ್ಯೂಟರ್ ತಾನು ಮಾಡುವುದನ್ನೆಲ್ಲ ವಿವರವಾಗಿ ಹೇಳುತ್ತದೆ. ಮಾಸ್ತರನ ಬಾಯಿಗೆ ಅದು ಹುಟ್ಟಿನಿಂದಲೇ ಬಂದಿದೆ.

ಅವನ ಜೀವದ ಆಪ್ಷನ್ನೆಂದರೆ ಡ್ಯಾಶ್ ಡಮ್ಮಿ. ಲೇಸರ್ ಆರಿಸಿಟ್ಟು ಉಳಿದದ್ದೆಲ್ಲ ನಿಜದ ಹಾಗೇ ನಡೆಸುವ ತಾಲೀಮು. ಡಿವಿಡಿ ಪ್ಲಸ್-ಆರ್‌ನಲ್ಲಿ ಈ ಸೌಲಭ್ಯ ಇಲ್ಲವೆಂದು ಬೀದರಿಗೆ ಹೋದಾಗ ಹುಡುಕಿ ಹುಡುಕಿ ಮೈನಸ್-ಆರ್ ತರುತ್ತಾನೆ. ಸ್ಪೀಡ್ ನಾಲ್ಕಕ್ಕಿಂತ ಮೇಲೆ ಏರಿಸುವುದಿಲ್ಲ. ‘ಸಾವಕಾಶ ಸುಟ್ರ ಗಟ್ಟಿ ಇರ್ತದ್ರಿ.’ ಆ ವೇಗದಲ್ಲಿ 4.7 ಜಿಬಿ ತುಂಬಲು ಸುಮಾರು 15 ನಿಮಿಷ. ಬೀಗರು ಬೆಂಚಿನ ಮೇಲೆ ಕೂತು ಎರಡು ಸಲ ಚಹಾ ಕುಡಿದ ಮೇಲೆ ಪರದೆ ಮುಗಿಯಿತು ಅನ್ನುತ್ತದೆ.

‘ಆಯ್ತೇನ್ರಿ ಮಾಸ್ತರ್?’

‘ಎಲ್ಲಿ ಆಯ್ತು? ಇದು ಡಮ್ಮಿ. ಈಗ ಖರೆ ಸುಡ್ತೀನಿ.’

‘ಹಂಗಾದ್ರ ಇಷ್ಟೊತ್ತು ಏನ್ ಮಾಡ್ಲತ್ತಿದ್ರಿ?’

ಖರೆ ಸುಡುವ ಮುಂಚೆ ಸಿಡಿರೆಕಾರ್ಡ್ 9 ಸೆಕೆಂಡ್ ಕಾಯುತ್ತದೆ: ಬೇಡವಾದರೆ ಈಗಲೇ ಹೇಳಿ ಅಂತ. ಗ್ರೇಸ್‌ಟೈಮ್ ಆಪ್ಷನ್ ಹಾಕಿದರೆ ಅದನ್ನು 2ಕ್ಕೆ ಇಳಿಸಬಹುದು, ಮಾಸ್ತರ ಇಳಿಸುವುದಿಲ್ಲ. ಕೈ ಮೇಲೆತ್ತಿ ಎಲ್ಲರ ಮುಖ ನೋಡುತ್ತಾನೆ. ಏಳನೇ ಸೆಕೆಂಡಿಗೆ ಹುಡುಗಿಯ ಸೋದರಮಾವನಿಗೆ ಬರಾತಿನಲ್ಲಿ ತಾನು ಕುಣಿದದ್ದು ನೆನಪಾಗುತ್ತದೆ. ‘ಅದು ಹಾಕೀರಿಲ್ರಿ?’ ಕಂಟ್ರೋಲ್-ಸಿ. ಮತ್ತೆ ಎಡಿಟಿಂಗು, ಮತ್ತೆ ಡಮ್ಮಿ.

ಇಷ್ಟಾಗಿಯೂ ಲೈಟ್ ಹೋಗಬಾರದು. ಡೇಟಾ ಬರುವುದು ತಡವಾದರೆ ‘ಬರ್ನ್‌ಫ್ರೀ’ ಆಪ್ಷನ್ ಕಾಪಾಡುತ್ತದೆ, ಲೈಟ್ ಹೋದರೆ ಅದರ ಕೈಲೂ ಆಗದು. ಮಾಸ್ತರನ ಹೊಲದಲ್ಲಿ ಜೋಳಕ್ಕೆ ಹಕ್ಕಿಗಳು ಎರಗುವುದಿಲ್ಲ. ದಾರಕ್ಕೆ ಕಟ್ಟಿದ ಅರ್ಧಂಬರ್ಧ ಸುಟ್ಟ ಮದುವೆಗಳು ಬಿಸಿಲಿಗೆ ಫಳಫಳ ಹೊಳೆಯುತ್ತವೆ.

ಉಬುಂಟು ಹಾಕಿಕೊಂಡ ಹುಡುಗರು ‘ವೊಡಿಮ್’ ಅಂದರೆ ಮಾತ್ರ ಅವನಿಗೆ ಸಿಟ್ಟು. ಸಿಡಿರೆಕಾರ್ಡ್ ಬರೆದ ಜರ್ಮನಿಯ ಯೋರ್ಗ್ ಶಿಲ್ಲಿಂಗ್‌ಗೂ ಡೆಬಿಯನ್ ಲಿನಕ್ಸ್‌ನವರಿಗೂ ಲೈಸೆನ್ಸ್ ತಕರಾರಾಗಿ 2006ರಲ್ಲಿ ಬೇರೆಯಾಗಿ ಹುಟ್ಟಿದ್ದು ವೊಡಿಮ್. ಮಾಸ್ತರ ಇದನ್ನು ಅಣ್ತಮ್ಮಂದಿರ ಹೊಲದ ಪಾಲಿನ ಹಾಗೆ, ಬದುವಿನ ಸಮೇತ ವರ್ಣಿಸುತ್ತಾನೆ. ಡೆಬಿಯನ್ ಯಾವ ತಾಲೂಕು ಎಂದು ಯಾರೋ ಹಿರಿಯರು ಒಮ್ಮೆ ಕೇಳಿದರಂತೆ.

ಈಗ ಹೊಸ ಲ್ಯಾಪ್‌ಟಾಪಿಗೆ ಡಿವಿಡಿ ಹಾಕಲು ಜಾಗವೇ ಇಲ್ಲ. ಮೊನ್ನೆ ಒಬ್ಬ ಹುಡುಗ ಔರಾದ ಅಮರೇಶ್ವರ ಜಾತ್ರೆಯ ವಿಡಿಯೋ ಬೇಕೆಂದು ಪೆನ್‌ಡ್ರೈವ್ ಚಾಚಿದ. ಕಾಪಿ-ಪೇಸ್ಟ್ ಎಂಬ ಮಾತು ಕೇಳಿದ್ದೇ ಮಾಸ್ತರನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕರಿ ಪರದೆ ತೆರೆದ, ‘ಡಿಡಿ’ ಎಂದು ಟೈಪ್ ಮಾಡಿದ. ಇಮೇಜನ್ನು ನೇರ ಡ್ರೈವಿನ ಮೇಲೆ ಬರೆಯುವ ಕಮಾಂಡ್ ಅದು. ಹಳೆಯದನ್ನು ಕೇಳದೆ ಅಳಿಸಿಬಿಡುತ್ತದೆ, ಡಮ್ಮಿಯಿಲ್ಲ, 9 ಸೆಕೆಂಡೂ ಇಲ್ಲ.

‘ಮಾಸ್ತರ್, ಅದ್ರಾಗ ನಮ್ಮ ಅಕ್ಕನ ಮದ್ವಿ ಫೋಟೋ ಅದಾವ್ರಿ,’ ಅಂದ ಹುಡುಗ.

‘ಇದ್ದವು,’ ಅಂದ ಮಾಸ್ತರ.