ರುಚಿಗೆ ತಕ್ಕಷ್ಟು ಉಪ್ಪು

‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದ ಅಡುಗೆ ಪುಸ್ತಕ ನಡೆಯುವುದು ಓದುವವರಿಗೆ ನಾಲಿಗೆ ಇರುವುದರಿಂದ. ಎಐ ಏಜೆಂಟಿಗೆ ನಾಲಿಗೆಯಿಲ್ಲ. ಪಕ್ಕದ ಮೇಜಿನವರನ್ನು ಕಾಫಿಗೆ ಕರೆದು ‘ಹೀಗಂದ್ರೆ ಏನ್ರೀ?’ ಎಂದು ಕೇಳುವ ಭಾಗ್ಯವೂ ಇಲ್ಲ. ಅದಕ್ಕೆ ಸಿಗುವುದು ಟೂಲಿನ, ಅಂದರೆ ಅದು ಕೆಲಸಕ್ಕೆ ಕರೆಯಬಹುದಾದ ಪ್ರೋಗ್ರಾಮಿನ, ಹೆಸರು, ನಾಲ್ಕು ಸಾಲಿನ ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಅಷ್ಟೆ. ಎಐಗೆ ಟೂಲುಗಳನ್ನು ಜೋಡಿಸಲೆಂದು 2024ರ ನವೆಂಬರಿನಲ್ಲಿ ಬಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಈ ಮೂರನ್ನೂ ಒಪ್ಪಿಸುವ ಕ್ರಮ ಹೇಳಿಕೊಟ್ಟಿತು. ಅಡ್ಡಗೋಡೆಯ ಮೇಲೆ ದೀಪವಿಡುವ ನಮ್ಮ ಚಾಳಿಯನ್ನು ಬಿಡಿಸಲು ಅದರ ಕೈಲೂ ಆಗಲಿಲ್ಲ. ‘ದಿನಾಂಕ ಕೊಡಿ’ ಎಂದಷ್ಟೇ ಬರೆದರೆ 03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಯಾವುದೆಂದು ಗೊತ್ತಾಗುವುದು ಟಿಕೆಟ್ ಬುಕ್ಕಾದ ಮೇಲೆ. ‘ವರ್ಷ-ತಿಂಗಳು-ದಿನ, ಉದಾಹರಣೆಗೆ 2025-04-03’ ಎಂದು ಬರೆಯಲು ಬೇಕಾದದ್ದು ಅರ್ಧ ಸಾಲು.

ಅಷ್ಟು ಜಾಣ ಯಂತ್ರ ಇಷ್ಟನ್ನು ಊಹಿಸಲಾರದೇ ಎನ್ನುವವರಿದ್ದಾರೆ. ಊಹಿಸುತ್ತದೆ, ತಕರಾರಿರುವುದೇ ಅಲ್ಲಿ. ಅನುಮಾನ ಬಂದ ಗುಮಾಸ್ತ ತಲೆ ಕೆರೆದುಕೊಂಡು ಕೂರುತ್ತಾನೆ. ಯಂತ್ರ ಎಷ್ಟೋ ಸಲ ಧೈರ್ಯವಾಗಿ ಗುಂಡಿ ಒತ್ತಿಬಿಡುತ್ತದೆ. ಹಾಗಾದರೆ ಪುರಾಣವನ್ನೇ ಬರೆದುಬಿಡೋಣ ಎಂದರೆ ಅದೂ ಕೆಲಸಕ್ಕೆ ಬಾರದು. ವಿವರಣೆಯ ಪ್ರತಿ ಪದವೂ ಮಾಡೆಲ್ಲಿನ ಕಾಂಟೆಕ್ಸ್ಟಿನಲ್ಲಿ, ಅಂದರೆ ಅದು ಒಮ್ಮೆಗೆ ಓದಬಲ್ಲ ಪಠ್ಯದಲ್ಲಿ, ಜಾಗ ತಿನ್ನುತ್ತದೆ, ಬಿಲ್ಲಿಗೂ ಸೇರುತ್ತದೆ. ಬೇಕಾದದ್ದು ಟೂಲನ್ನು ಯಾವಾಗ ಮುಟ್ಟಬಾರದು, ಕೆಟ್ಟರೆ ಅದು ಏನು ಹೇಳುತ್ತದೆ, ಅಳಿಸಿದ್ದು ಮರಳಿ ಸಿಗುತ್ತದೋ ಇಲ್ಲವೋ ಎಂಬುದು. ಇದೇನು ಹೊಸ ಬುದ್ಧಿಯಲ್ಲ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ 1971ರ ಕೈಪಿಡಿಯಲ್ಲೇ ‘ಬಗ್ಸ್’ ಎಂಬ ತಲೆಬರಹ ಕೊಟ್ಟು, ಕಮಾಂಡುಗಳ ಹುಳುಕನ್ನು ಮುಚ್ಚಿಡದೆ ಬರೆದಿದ್ದರು.